ಸ್ಮ್ಯಾಷ್ ಹೊಡೆಯುವ ಭುಜ ಬಿಗಿ ಇದ್ದರೆ ವಾರ್ಮ್ ಅಪ್ ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 27 ವರ್ಷ, ಉಡುಪಿ ಕಡೆಯವನು. ಹಗಲೆಲ್ಲ ಬ್ಯಾಂಕಿನಲ್ಲಿ ಕೂತು ಕೆಲಸ, ವಾರಕ್ಕೆ ಮೂರು ಸಂಜೆ ವಾಲಿಬಾಲ್. ಸೀಸನ್ ಶುರುವಾದರೆ ಶನಿವಾರ ರಾತ್ರಿ ಎಲ್ಲಾದರೂ ಹೊನಲು ಬೆಳಕಿನ ಪಂದ್ಯಾಟ ಇದ್ದೇ ಇರುತ್ತದೆ. ನಾನು ಅಟ್ಯಾಕರ್. ಆರು ತಿಂಗಳಿಂದ ಬಲ ಭುಜ ತುಂಬಾ ಬಿಗಿ. ಎಡಗೈ ಬೆನ್ನ ಹಿಂದೆ ರೆಕ್ಕೆ ಮೂಳೆವರೆಗೆ ಹೋಗುತ್ತದೆ. ಬಲಗೈ ಬೆಲ್ಟಿಗಿಂತ ಸ್ವಲ್ಪ ಮೇಲೆ ನಿಂತುಬಿಡುತ್ತದೆ. ನೋವು ಅಂತ ಇಲ್ಲ, ಆದರೆ ಮೊದಲ ಸೆಟ್ ಮುಗಿಯುವವರೆಗೂ ಕೈ ಸಲೀಸಾಗಿ ಮೇಲೆ ಬರುವುದಿಲ್ಲ. ಆಟಕ್ಕೆ ಮುಂಚೆ ನೆಟ್ ಕಂಬ ಹಿಡಿದು, ಮೈ ಆಚೆ ತಿರುಗಿಸಿ, ಎರಡು ನಿಮಿಷ ಭುಜವನ್ನು ಹಿಂದಕ್ಕೆ ಎಳೆಯುತ್ತೇನೆ. ಆಮೇಲೆ ನೇರ ಹೊಡೆಯೋದೇ. ಇನ್ನೂ ಜಾಸ್ತಿ ಎಳೀಬೇಕಾ?

ಫಿಸಿಯೋಥೆರಪಿಸ್ಟ್ ಉತ್ತರ: ಬೇಡ. ಕಂಬ ಹಿಡಿದು ಎಳೆಯುವುದನ್ನು ಇವತ್ತೇ ಬಿಡಿ.

ಸ್ಮ್ಯಾಷ್‌ಗೆ ಕೈ ಹಿಂದಕ್ಕೆ ಹೋದಾಗ ಭುಜದ ಮುಂಭಾಗ ಹಿಗ್ಗುತ್ತದೆ. ಹೊಡೆದ ಮೇಲೆ ಆ ಕೈಗೆ ಬ್ರೇಕ್ ಹಾಕುವುದು ಹಿಂಭಾಗದ ಸಣ್ಣ ಸ್ನಾಯುಗಳು. ವರ್ಷಗಟ್ಟಲೆ ಆಡಿದವರಲ್ಲಿ ಸಾಮಾನ್ಯವಾಗಿ ಮುಂಭಾಗ ಸಡಿಲ, ಹಿಂಭಾಗ ಬಿಗಿ. ನೀವು ಎಳೆಯುತ್ತಿರುವುದು ಮುಂಭಾಗವನ್ನು! ಭುಜದ ಗುಂಡು ಕೂರುವ ಬಟ್ಟಲಿಗೆ ಆಳ ಕಡಿಮೆ. ಗುಂಡನ್ನು ಜಾಗದಲ್ಲಿ ಹಿಡಿದಿಡುವುದು ರೊಟೇಟರ್ ಕಫ್ ಅನ್ನುವ ನಾಲ್ಕು ಸ್ನಾಯು. ಮುಂಭಾಗ ಸಡಿಲವಾಗಿ ಗುಂಡು ಅಲುಗಾಡಿದರೆ ಅವು ಇನ್ನೂ ಬಿಗಿ ಹಿಡಿಯುತ್ತವೆ. ನಿಮಗೆ ಅದು ಟೈಟ್ ಅನ್ನಿಸುತ್ತದೆ, ಮತ್ತೆ ಎಳೆಯುತ್ತೀರಿ.

ಇನ್ನೊಂದು ವಿಷಯ. ಕೈ ಪೂರ್ತಿ ಮೇಲೆತ್ತುವ 180 ಡಿಗ್ರಿಯಲ್ಲಿ ಸುಮಾರು 60 ಡಿಗ್ರಿ ಬರುವುದು ರೆಕ್ಕೆ ಮೂಳೆ ತಿರುಗುವುದರಿಂದ. ದಿನವಿಡೀ ಕಂಪ್ಯೂಟರ್ ಮುಂದೆ ಬಗ್ಗಿ ಕೂತ ಬೆನ್ನಿನ ಮೇಲೆ ಅದು ಸರಿಯಾಗಿ ಜಾರುವುದಿಲ್ಲ. ಹಾಗಾಗಿ ಭುಜಕ್ಕಿಂತ ಮೊದಲು ಬೆನ್ನು.

ಐದು ನಿಮಿಷ ಕೋರ್ಟ್ ಸುತ್ತ ಓಡಿ, ಅಡ್ಡಡ್ಡ ಹೆಜ್ಜೆ ಹಾಕಿ. ಹಣೆಯಲ್ಲಿ ಬೆವರು ಕಾಣಬೇಕು. ಆಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಳ್ಳಿ. ಮೊಣಕಾಲೂರಿ, ಎರಡೂ ಮೊಣಕೈ ಕುರ್ಚಿಯ ಮೇಲಿಟ್ಟು, ಉಸಿರು ಬಿಡುತ್ತಾ ಎದೆಯನ್ನು ನೆಲದ ಕಡೆ ಇಳಿಸಿ, ಎಂಟು ಸಲ. ಸೊಂಟ ಬಗ್ಗಬಾರದು, ರೆಕ್ಕೆ ಮೂಳೆಗಳ ನಡುವೆ ಬಾಗಿದ ಹಾಗೆ ಅನ್ನಿಸಬೇಕು. ಮುಂದೆ ಗೋಡೆಗೆ ಎರಡೂ ಮುಂಗೈ ಒತ್ತಿ ನಿಧಾನಕ್ಕೆ ಮೇಲೆ ಜಾರಿಸಿ. ತುದಿಯಲ್ಲಿ ಗೋಡೆಯನ್ನು ಸ್ವಲ್ಪ ದೂಡಿ. ಇದು ಹತ್ತು ಸಲ.

ಈಗ ರಬ್ಬರ್ ಬ್ಯಾಂಡ್. ಇಲ್ಲದಿದ್ದರೆ ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದರೂ ಆಗುತ್ತದೆ. ಮೊಣಕೈ ಮತ್ತು ಪಕ್ಕೆಲುಬಿನ ನಡುವೆ ಮಡಚಿದ ಟವೆಲ್ ಸಿಕ್ಕಿಸಿ, ಕೈಯನ್ನು ಹೊರಗೆ ತಿರುಗಿಸಿ, ಹನ್ನೆರಡು ಸಲ. ಟವೆಲ್ ಬಿದ್ದರೆ ಟ್ಯೂಬ್ ಗಟ್ಟಿಯಾಯಿತು ಅಂತ ಅರ್ಥ. ವಾಪಸ್ ಬರುವಾಗ ಮೂರು ಎಣಿಸುತ್ತಾ ಬನ್ನಿ, ಬ್ರೇಕ್ ಹಾಕುವ ಸ್ನಾಯು ಏಳುವುದು ಅಲ್ಲೇ.

ಕೊನೆಗೆ ಚೆಂಡು. ಮೊದಲ ಹತ್ತು ಅರ್ಧ ಬಲದಲ್ಲಿ ನೆಲಕ್ಕೆ, ನಿಂತಲ್ಲೇ. ನಂತರ ಜೊತೆಗಾರನಿಗೆ ಮುಕ್ಕಾಲು ಬಲದಲ್ಲಿ. ಆಮೇಲೆ ನೆಟ್ ಹತ್ತಿರ ಹೋಗಿ. ಪೂರ್ತಿ ಬಲದ ಹೊಡೆತ ಕೊನೆಯ ಮೂರು ನಾಲ್ಕು ಮಾತ್ರ. ಎಲ್ಲ ಸೇರಿ ಹದಿನೈದು ನಿಮಿಷ. ನಿಮ್ಮ ಭುಜ ಈಗ ಮೊದಲ ಸೆಟ್ಟಿನಲ್ಲೇ ವಾರ್ಮ್ ಅಪ್ ಮಾಡಿಕೊಳ್ಳುತ್ತಿದೆ, ಅಷ್ಟೇ.

ರಾತ್ರಿ ಪಂದ್ಯಾಟದಲ್ಲಿ ಒಂದು ಮ್ಯಾಚ್ ಆಗಿ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯುತ್ತೀರಲ್ವಾ? ಆಗ ಜಾಕೆಟ್ ಹಾಕಿಕೊಂಡು ಕೂತಿರಿ. ಕರೆಯುವ ಮುಂಚೆ ಓಟ, ಬ್ಯಾಂಡ್, ಹತ್ತು ನಿಧಾನದ ಹೊಡೆತ ಮತ್ತೆ ಮಾಡಿ.

ಇನ್ನೊಬ್ಬರು: ಮೇಡಂ, ನಾನು ಹೈಸ್ಕೂಲ್ ಪಿಟಿ ಮಾಸ್ಟರ್. ನಾವು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಣಿಸಿ ಎಣಿಸಿ ಸ್ಟ್ರೆಚ್ ಮಾಡಿಸುತ್ತೇವೆ. ಅದು ತಪ್ಪಾ?

ಉತ್ತರ: ತಪ್ಪಲ್ಲ ಸರ್. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಸ್ವಲ್ಪ ಹೊತ್ತು ಅದರ ಬಲ ಕಡಿಮೆಯಾಗುತ್ತದೆ. ಇಪ್ಪತ್ತು ಎಣಿಸುವಷ್ಟು ಮಾಡಿಸಿ, ಆಮೇಲೆ ಓಡಿಸಿ, ಎಸೆಸಿ. ಸುಮ್ನೆ ಎಳೆದು ನೇರ ಮ್ಯಾಚಿಗೆ ಕಳಿಸಬೇಡಿ. ನಾರ್ವೆಯಲ್ಲಿ 45 ಹ್ಯಾಂಡ್‌ಬಾಲ್ ತಂಡಗಳ 660 ಆಟಗಾರರ ಮೇಲೆ ಒಂದು ಸೀಸನ್ ಪೂರ್ತಿ ಅಧ್ಯಯನ ನಡೆಸಿದರು. ಅರ್ಧದಷ್ಟು ತಂಡಗಳಿಗೆ ವಾರಕ್ಕೆ ಮೂರು ಸಲ, ವಾರ್ಮ್ ಅಪ್ ಒಳಗೇ ಹತ್ತು ನಿಮಿಷ ಭುಜ, ರೆಕ್ಕೆ ಮೂಳೆ, ಬೆನ್ನಿನ ವ್ಯಾಯಾಮ. 2017ರಲ್ಲಿ ಫಲಿತಾಂಶ ಬಂತು: ಆ ತಂಡಗಳಲ್ಲಿ ಭುಜದ ತೊಂದರೆಯ ಅಪಾಯ 28% ಕಡಿಮೆ. ನಿಮ್ಮ ಪಿಟಿ ಪೀರಿಯಡ್‌ನಲ್ಲಿ ಹತ್ತು ನಿಮಿಷ ಖಂಡಿತ ಸಿಗುತ್ತದೆ. ದಯವಿಟ್ಟು ಶುರು ಮಾಡಿ.

ಮತ್ತೊಬ್ಬರು: ನಮ್ಮ ಟೀಮಿನಲ್ಲಿ ಬಾಮ್ ಹಚ್ಚಿ ಇಳೀತೇವೆ. ಕೆಲವರು ನೋವಿನ ಮಾತ್ರೆ ನುಂಗುತ್ತಾರೆ. ನಡೆಯುತ್ತಾ?

ಉತ್ತರ: ಬಾಮ್‌ನಿಂದ ಚರ್ಮ ಬಿಸಿ ಅನ್ನಿಸುತ್ತದೆ, ಒಳಗಿನ ಸ್ನಾಯು ತಣ್ಣಗೇ ಇರುತ್ತದೆ. ಅದು ಓಟಕ್ಕೆ ಬದಲಿ ಅಲ್ಲ. ಮಾತ್ರೆ ನುಂಗಿ ಆಡುವುದು ಬೇಡವೇ ಬೇಡ. ನಿಲ್ಲಿಸು ಅಂತ ಹೇಳುವ ನೋವನ್ನೇ ಅದು ಮುಚ್ಚಿಹಾಕುತ್ತದೆ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಹಿಂಭಾಗ ನಿಜವಾಗಿ ಬಿಗಿ ಇದೆಯಾ ಅಂತ ಮನೆಯಲ್ಲೇ ನೋಡಬಹುದಾ?

ಉತ್ತರ: ನೋಡಬಹುದು. ಅಂಗಾತ ಮಲಗಿ, ಕೈಯನ್ನು ಭುಜದ ನೇರಕ್ಕೆ ಪಕ್ಕಕ್ಕೆ ಚಾಚಿ, ಮೊಣಕೈ ಮಡಚಿ ಮುಂಗೈಯನ್ನು ಸೂರಿನ ಕಡೆಗೆ ನೇರ ನಿಲ್ಲಿಸಿ. ಭುಜ ಏಳದ ಹಾಗೆ ಯಾರಾದರೂ ಮೆಲ್ಲಗೆ ಒತ್ತಿ ಹಿಡಿಯಲಿ. ಕೈಯನ್ನು ತಲೆಯ ಕಡೆ ಎಷ್ಟು, ಕಾಲಿನ ಕಡೆ ಎಷ್ಟು ಬೀಳಿಸಬಹುದು ನೋಡಿ. ಎರಡೂ ಸೇರಿಸಿ ಎಡಗೈಗೆ ಹೋಲಿಸಿ. ಒಟ್ಟು ತಿರುಗು ಸಮ ಇದ್ದರೆ ಚಿಂತೆ ಬೇಡ. ಚಿಕ್ಕಂದಿನಿಂದ ಆಡಿದವರ ತೋಳಿನ ಮೂಳೆಯೇ ಸ್ವಲ್ಪ ತಿರುಚಿಕೊಂಡು ಬೆಳೆದಿರುತ್ತದೆ, ಅದನ್ನು ಎಳೆದು ಸರಿ ಮಾಡಲಾಗದು. ಬಲಗೈಯ ಒಟ್ಟು ಕಡಿಮೆ ಇದ್ದರೆ, ಆಟ ಮುಗಿದ ಮೇಲೆ ರೆಕ್ಕೆ ಮೂಳೆಯನ್ನು ಗೋಡೆಗೆ ಒತ್ತಿ ನಿಂತು, ತೋಳನ್ನು ಎದೆಗೆ ಅಡ್ಡವಾಗಿ ಎಳೆದು 30 ಸೆಕೆಂಡ್ ಹಿಡಿಯಿರಿ, ಐದು ಸಲ.

ಹಾಗೇ ಶರ್ಟ್ ತೆಗೆದು ಬೆನ್ನಿನ ಒಂದು ಫೋಟೋ ತೆಗೆಸಿ. ವಾಲಿಬಾಲ್ ಅಟ್ಯಾಕರ್‌ಗಳಲ್ಲಿ ರೆಕ್ಕೆ ಮೂಳೆಯ ಹತ್ತಿರ ಹೋಗುವ ಒಂದು ನರ ಎಳೆದು, ಅಲ್ಲಿನ ಸ್ನಾಯು ಸೊರಗುವುದುಂಟು. ಎಷ್ಟೋ ಸಲ ನೋವೇ ಇರುವುದಿಲ್ಲ. ಬಲ ರೆಕ್ಕೆ ಮೂಳೆಯ ಮೇಲೆ ಎಡಗಡೆ ಇಲ್ಲದ ಗುಳಿ ಕಂಡರೆ, ಕೈ ಜೋಮು ಹಿಡಿದರೆ, ಇಲ್ಲಾ ಭುಜ ಜಾರಿದ ಹಾಗೆ ಆದರೆ ಮುಂದಿನ ಪಂದ್ಯಾಟಕ್ಕೆ ಮುಂಚೆಯೇ ಮೂಳೆ ಡಾಕ್ಟರಿಗೆ ತೋರಿಸಿ.