ಬೀದರ್ ಕಡೆಯ ಹಿರಿಯರ ಭಾಷಾ ಜೀವನಕಥೆ: ಹೇಗೆ ಕೇಳಬೇಕು?

ಪ್ರಶ್ನೆ: ಔರಾದ್, ಭಾಲ್ಕಿ ಕಡೆ ಕನ್ನಡ, ಮರಾಠಿ, ದಖನಿ (ಈ ಕಡೆಯ ಆಡುಮಾತಿನ ಉರ್ದು), ಲಂಬಾಣಿ ಬೆರೆತ ಮನೆಗಳ ಹಿರಿಯರು ಬದುಕಿನುದ್ದಕ್ಕೂ ಯಾವ ಭಾಷೆಯನ್ನು ಎಲ್ಲಿ, ಹೇಗೆ ಆಡಿದರು ಅಂತ ತಿಳಿಯಲು ಅವರನ್ನು ಮಾತಾಡಿಸಬೇಕು. ‘ಎಷ್ಟು ಭಾಷಾ ಬರ್ತಾವ್ರಿ?’ ಅಂದ್ರೆ ಒಂದೇ ಸಾಲಿನ ಉತ್ತರ. ಏನು ಮಾಡೋದು?

ಉತ್ತರ 1: ಅದು ಜನಗಣತಿಯ ಪ್ರಶ್ನೆ ಆಯ್ತು ನೋಡ್ರಿ. ಅಲ್ಲೂ ಮಾತೃಭಾಷೆ ಬಿಟ್ಟು ಇನ್ನೆರಡಕ್ಕಷ್ಟೇ ಜಾಗ. ದಖನಿಯನ್ನಂತೂ ಎಷ್ಟೋ ಜನ ಭಾಷೆ ಅಂತಲೇ ಎಣಿಸೋದಿಲ್ಲ. ಜಾಗ ಹಿಡಿದು ಕೇಳಿ: ಹೊಲದಲ್ಲಿ, ಸಂತೆಯಲ್ಲಿ, ಬೀಗರ ಮನೆಯಲ್ಲಿ ಯಾವ ಮಾತು? ಮಗ್ಗಿ ಯಾವುದರಲ್ಲಿ, ಬೈಗುಳ ಯಾವುದರಲ್ಲಿ? ತೊಂಬತ್ತರ ಆಸುಪಾಸಿನವರು ಲೆಕ್ಕ ಉರ್ದುವಿನಲ್ಲಿ ಹಾಕಿದರೆ ನಿಜಾಮರ ಕಾಲದ ಶಾಲೆ ಹೊರಗೆ ಬರುತ್ತದೆ. ಇಸವಿ ಕೇಳಬೇಡಿ, ‘ಪೊಲೀಸ್ ಆ್ಯಕ್ಷನ್‌ಗಿಂತ (ನಿಜಾಮರ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೇನಾ ಕಾರ್ಯಾಚರಣೆ) ಮೊದಲೋ ನಂತರವೋ’ ಅಂದರೆ 1948ರ ಈಚೆ-ಆಚೆ ಗೊತ್ತಾಗುತ್ತದೆ. ಆದರೆ ಅದು ಗಾಯದ ನೆನಪು, ಮೊದಲ ಭೇಟಿಯಲ್ಲೇ ಎತ್ತಬಾರದು.

ಉತ್ತರ 2: ಮನುಷ್ಯಾಕೃತಿಯ ಬಾಹ್ಯರೇಖೆ ಇರುವ ಹಾಳೆ, ಹನ್ನೆರಡು ಬಣ್ಣದ ಸ್ಕೆಚ್ ಪೆನ್ ಕೊಡಿ, ಒಂದೊಂದು ಭಾಷೆಗೆ ಒಂದೊಂದು ಬಣ್ಣ, ಆ ಭಾಷೆ ತಮ್ಮ ಮೈಯಲ್ಲಿ ಎಲ್ಲಿದೆ ಅನಿಸುತ್ತದೋ ಅಲ್ಲಿ ತುಂಬಲಿ, ಆಯ್ಕೆ ಅವರದ್ದೇ. ಪೆನ್ ಹಿಡಿಯದವರಿಗೆ ಜೋಳ, ತೊಗರಿ, ಹೆಸರುಕಾಳು ಕೊಟ್ಟು ರೇಖೆಯೊಳಗೆ ಇಡಲು ಹೇಳಿ, ಕೆಡುವ ಮೊದಲು ಫೋಟೊ ತೆಗೆಯಿರಿ. ಮರಾಠಿಯನ್ನು ಎದೆಯಲ್ಲಿಟ್ಟರೆ ‘ಪ್ರೀತಿ’ ಅಂತ ನೀವೇ ಬರೆದುಕೊಳ್ಳಬೇಡಿ. ಯಾಕೆ ಅಲ್ಲಿಟ್ಟರು ಅಂತ ಅವರು ಹೇಳೋದೇ ದತ್ತಾಂಶ, ಚಿತ್ರ ಅಲ್ಲ.

ಉತ್ತರ 3: ಮಗ ಪಕ್ಕದಲ್ಲಿ ಕೂತರೆ ‘ಹಂಗಲ್ಲ, ಕನ್ನಡದಾಗ ಹೇಳು’ ಅಂತ ತಿದ್ದುತ್ತಾನೆ, ಚಹಾ ನೆಪದಲ್ಲಿ ಎಬ್ಬಿಸಿ. ಧ್ವನಿಮುದ್ರಣವನ್ನು ಬರಹಕ್ಕಿಳಿಸುವಾಗ ಬೆರಕೆ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದರೆ ಅಧ್ಯಯನವೇ ಕೆಟ್ಟಿತು. ಭಾಷೆ ಬದಲಾದ ಕಡೆ ಗುರುತು ಹಾಕಿ. ಒಂದು ಗಂಟೆ ಮಾತಿಗೆ ಆರೇಳು ಗಂಟೆ ಬರವಣಿಗೆ ಹಿಡಿಯುತ್ತದೆ, ಲಂಬಾಣಿ ಇದ್ದರೆ ಇನ್ನೂ ಹೆಚ್ಚು.