ಯುಗಾದಿಗೆ ಉಪ್ಪು-ಸಿಹಿ ಬಿಸ್ಕತ್ತು: ಬೇಸಿಗೆಯಲ್ಲಿ ಬೆಣ್ಣೆಯನ್ನು ಹೇಗೆ ನಿಭಾಯಿಸುತ್ತೀರಿ?

ದಾವಣಗೆರೆ, ವಿದ್ಯಾನಗರದಿಂದ ಪ್ರಶ್ನೆ

ಯುಗಾದಿಯ ಮರುದಿನ ಸಂಜೆ ಚಂದ್ರನನ್ನು ನೋಡಿ, ಹಿರಿಯರಿಗೆ ನಮಸ್ಕರಿಸಲು ಮನೆಗೆ ಬರುವ ಮಕ್ಕಳಿಗೂ ನೆಂಟರಿಗೂ ಚಹಾದ ಜೊತೆ ಕೊಡಲು ಬಿಸ್ಕತ್ತು ಮಾಡಬೇಕೆಂದಿದ್ದೇನೆ. ಬೇಕರಿಯ ಖಾರ ಬಿಸ್ಕತ್ತಿನಷ್ಟು ಖಾರ ಬೇಡ, ಬೆಣ್ಣೆ ಬಿಸ್ಕತ್ತಿನಷ್ಟು ಸಿಹಿಯೂ ಬೇಡ. ಉಪ್ಪು ಮತ್ತು ಸಿಹಿ ಎರಡೂ ನಾಲಿಗೆಗೆ ತಿಳಿಯುವಂತಿರಬೇಕು. ಮನೆಯಲ್ಲಿ ಸಣ್ಣ ಓಟಿಜಿ (ಕರೆಂಟಿನ ಓವನ್) ಇದೆ, ಮಾರುಕಟ್ಟೆಯಿಂದ ತಂದ ಬಿಳಿ ಬೆಣ್ಣೆ ಇದೆ. ಆದರೆ ತಟ್ಟೆಯಲ್ಲಿಟ್ಟ ಬಿಸ್ಕತ್ತುಗಳು ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಪ್ಪು ಒಂದು ತುತ್ತಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ ಎಂಬುದೂ ತಿಳಿಯಬೇಕಾಗಿದೆ. ಮಾಡಿ ಅಭ್ಯಾಸವಿರುವವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ದಾವಣಗೆರೆ, ನಿಟ್ಟುವಳ್ಳಿಯಿಂದ ಉತ್ತರ

ನೀವು ಹೇಳಿದ ಎರಡು ತೊಂದರೆಗಳ ಮೂಲವೂ ಬೆಣ್ಣೆಯಲ್ಲಿಯೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಓವನ್ನಿನ ಉಷ್ಣತೆಯನ್ನು ಏರಿಸಿ ಇಳಿಸಿ ನೋಡುವುದಕ್ಕಿಂತ ಮೊದಲು ಬೆಣ್ಣೆಯ ಕಡೆ ಗಮನ ಕೊಡಿ.

ಬೆಣ್ಣೆಯು 32ರಿಂದ 35 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪೂರ್ತಿ ಕರಗುತ್ತದೆ. ಯುಗಾದಿಯ ದಿನಗಳಲ್ಲಿ ನಮ್ಮೂರಿನ ಅಡುಗೆಮನೆ, ಅದರಲ್ಲಿಯೂ ಒಂದು ಒಲೆಯ ಮೇಲೆ ಹೂರಣದ ಬೇಳೆ ಬೇಯುತ್ತಿರುವ ಅಡುಗೆಮನೆ, ಮಧ್ಯಾಹ್ನದ ಹೊತ್ತಿಗೆ ಅದಕ್ಕಿಂತ ಹೆಚ್ಚು ಕಾದಿರುತ್ತದೆ. ಗಟ್ಟಿಯಾಗಿದ್ದು ಬೆರಳಿಟ್ಟರೆ ಕುಳಿ ಬೀಳುವಷ್ಟು ಮಾತ್ರ ಮೆತ್ತಗಿರುವ ಬೆಣ್ಣೆಯನ್ನು ಸಕ್ಕರೆಯೊಂದಿಗೆ ನುಣ್ಣಗೆ ತಿಕ್ಕಿದಾಗ ಅದು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸ್ಕತ್ತು ಹಗುರವಾಗಿ ಅರಳುತ್ತದೆ. ಕರಗಿದ ಬೆಣ್ಣೆಗೆ ಆ ಶಕ್ತಿ ಇಲ್ಲ. ಅಂತಹ ಹಿಟ್ಟು ಓವನ್ನಿಗೆ ಹೋಗುವ ಮೊದಲೇ ಜಿಡ್ಡು ಬಿಟ್ಟಿರುತ್ತದೆಯಾದ್ದರಿಂದ, ಮೈದಾ ಬೆಂದು ಆಕಾರ ಹಿಡಿಯುವ ಮುನ್ನವೇ ಬಿಸ್ಕತ್ತು ಅಗಲವಾಗಿ ಹರಡಿಬಿಡುತ್ತದೆ. ಹೀಗಾಗಿ ಹಿಟ್ಟು ಕಲಸುವ ಕೆಲಸವನ್ನು ಬೆಳಗಿನ ಜಾವವೋ ರಾತ್ರಿ ಊಟದ ನಂತರವೋ ಇಟ್ಟುಕೊಳ್ಳಿ. ಬೋಗುಣಿಯನ್ನೂ ಸಕ್ಕರೆ ಪುಡಿಯನ್ನೂ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಇನ್ನೂ ಅನುಕೂಲ.

ಇನ್ನು ಮಾರುಕಟ್ಟೆಯ ಬಿಳಿ ಬೆಣ್ಣೆಯ ವಿಷಯ. ಪರಿಮಳದಲ್ಲಿ ಅದಕ್ಕೆ ಸಾಟಿಯಿಲ್ಲ, ಅದನ್ನು ಬಿಟ್ಟು ಪ್ಯಾಕೆಟ್ಟಿನ ಬೆಣ್ಣೆ ತನ್ನಿ ಎಂದು ದಾವಣಗೆರೆಯಲ್ಲಿ ಕುಳಿತು ನಾನು ಹೇಳಲಾರೆ. ಆದರೆ ಪ್ಯಾಕೆಟ್ಟಿನ ಬೆಣ್ಣೆಯಲ್ಲಿ ಕನಿಷ್ಠ ಶೇಕಡಾ 80ರಷ್ಟು ಕೊಬ್ಬು ಇರಬೇಕು, ನೀರು 16ನ್ನು ಮೀರಬಾರದು ಎಂಬ ನಿಯಮವಿದೆ. ಕಡೆದು ತೆಗೆದ ಬೆಣ್ಣೆಯಲ್ಲಿ ಮಜ್ಜಿಗೆಯೂ ನೀರೂ ಅದಕ್ಕಿಂತ ಹೆಚ್ಚು ಉಳಿದಿರಬಹುದು, ಅದೂ ಒಂದು ದಿನದ ಬೆಣ್ಣೆಯಲ್ಲಿದ್ದಂತೆ ಇನ್ನೊಂದು ದಿನದ್ದರಲ್ಲಿ ಇರುವುದಿಲ್ಲ. ಆ ನೀರು ಮೈದಾಕ್ಕೆ ಸೇರಿದರೆ ಹಿಟ್ಟು ಜಿಗುಟಾಗುತ್ತದೆ, ಬಿಸ್ಕತ್ತು ಬಾಯಲ್ಲಿ ಕರಗುವ ಬದಲು ಗಡುಸಾಗುತ್ತದೆ. ಬೆಣ್ಣೆಯನ್ನು ತಣ್ಣೀರಿನಲ್ಲಿ ಹಾಕಿ, ನೀರು ತಿಳಿಯಾಗುವವರೆಗೆ ಬದಲಿಸುತ್ತ ತೊಳೆಯಿರಿ. ಬಳಿಕ ತೆಳುವಾದ ಹತ್ತಿ ಬಟ್ಟೆಯಲ್ಲಿಟ್ಟು ಅಂಗೈಯಿಂದ ಒತ್ತಿ ನೀರಿಳಿಸಿ. ಬಟ್ಟೆಯ ಮೇಲೆ ಹನಿ ಮೂಡುವುದು ನಿಂತ ಮೇಲೆಯೇ ತೂಕ ಮಾಡಿ. ಹುಳಿ ವಾಸನೆ ಬಂದ ಬೆಣ್ಣೆಯನ್ನು ತುಪ್ಪ ಕಾಯಿಸಲು ಬಳಸಿ, ಬಿಸ್ಕತ್ತಿಗೆ ಬೇಡ.

ಉಪ್ಪು ಒಂದೇ ಸಮನಾಗಿ ಬೆರೆಯದಿರುವುದಕ್ಕೂ ಕಾರಣ ಇದೇ. ಉಪ್ಪು ನೀರಿನಲ್ಲಿ ಕರಗುತ್ತದೆಯೇ ಹೊರತು ಜಿಡ್ಡಿನಲ್ಲಿ ಕರಗುವುದಿಲ್ಲ. ನೇರವಾಗಿ ಬೆಣ್ಣೆಗೆ ಹಾಕಿದ ಉಪ್ಪು ಎಷ್ಟು ತಿಕ್ಕಿದರೂ ಹರಳಾಗಿಯೇ ಉಳಿಯುತ್ತದೆ, ಬೆಣ್ಣೆಯಲ್ಲಿ ಎಲ್ಲಿ ನೀರಿನ ಹನಿ ಸಿಕ್ಕಿತೋ ಅಲ್ಲಿ ಮಾತ್ರ ಕರಗಿ ನಿಲ್ಲುತ್ತದೆ. ಆದ್ದರಿಂದ ಉಪ್ಪನ್ನು ಎರಡು ದೊಡ್ಡ ಚಮಚ ತಣ್ಣನೆಯ ಹಾಲಿನಲ್ಲಿ ಕದಡಿ, ಚಮಚದ ತಳಕ್ಕೆ ಹರಳು ತಗಲದಂತಾದ ಮೇಲೆ, ಸಕ್ಕರೆ ಬೆರೆತ ಬೆಣ್ಣೆಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಇಷ್ಟು ಮಾಡಿದರೆ ಪ್ರತಿ ಬಿಸ್ಕತ್ತಿಗೂ ಒಂದೇ ರುಚಿ ಬರುತ್ತದೆ.

ನಮ್ಮ ಮನೆಯ ಅಳತೆ ಹೀಗಿದೆ: ಮೈದಾ 250 ಗ್ರಾಂ, ನೀರಿಳಿಸಿದ ಬೆಣ್ಣೆ 140 ಗ್ರಾಂ, ಸಕ್ಕರೆ ಪುಡಿ 70 ಗ್ರಾಂ, ಪುಡಿ ಉಪ್ಪು 4 ಗ್ರಾಂ, ಬೇಕಿಂಗ್ ಪೌಡರ್ ಕಾಲು ಚಿಕ್ಕ ಚಮಚ, ಅಜವಾನ ಅರ್ಧ ಚಿಕ್ಕ ಚಮಚ. ತೊಳೆದು ನೆರಳಿನಲ್ಲಿ ಆರಿಸಿದ ಕರಿಬೇವನ್ನು ಸಣ್ಣಗೆ ಹೆಚ್ಚಿ ಹಾಕಬಹುದು. ಒದ್ದೆ ಎಲೆ ಹಾಕಿದರೆ ಬಿಸ್ಕತ್ತು ಬೇಗ ಮೆತ್ತಗಾಗುತ್ತದೆ. ಸಕ್ಕರೆಯನ್ನು ಪುಡಿ ಮಾಡಿ ಜರಡಿ ಹಿಡಿಯಲೇಬೇಕು, ಏಕೆಂದರೆ ಹರಳು ಸಕ್ಕರೆ ಓವನ್ನಿನಲ್ಲಿ ಕರಗುವಾಗ ಬಿಸ್ಕತ್ತನ್ನು ತನ್ನೊಂದಿಗೆ ಹರಡಿಸುತ್ತದೆ. ಪ್ಯಾಕೆಟ್ಟಿನ ಉಪ್ಪು ಬೆರೆತ ಬೆಣ್ಣೆಯಾದರೆ ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ ಎರಡು ಪಾಲಿನಷ್ಟು ಉಪ್ಪು ಇರುವುದರಿಂದ ಮೇಲಿನಿಂದ ಒಂದು ಚಿಟಿಕೆ ಸಾಕಾಗುತ್ತದೆ.

ಮೈದಾ ಸೇರಿಸಿದ ನಂತರ ಚಪಾತಿ ಹಿಟ್ಟಿನಂತೆ ನಾದಬೇಡಿ. ಬೆರಳ ತುದಿಗಳಿಂದ ಒಟ್ಟುಗೂಡಿಸಿ ಉಂಡೆ ಕಟ್ಟಿದರೆ ಮುಗಿಯಿತು. ಹೋಳಿಗೆ ತಟ್ಟಲು ಇಟ್ಟುಕೊಂಡಿರುವ ಪ್ಲಾಸ್ಟಿಕ್ ಹಾಳೆಗಳ ನಡುವೆ ಅದನ್ನಿಟ್ಟು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಹಾಳೆ ಸಮೇತ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಗಟ್ಟಿಯಾದ ಮೇಲೆ ಕತ್ತರಿಸಿದರೆ ಅಂಚು ಚೊಕ್ಕಟವಾಗಿ ಬರುತ್ತದೆ. ಒಂದು ತಟ್ಟೆ ಬೇಯುವಾಗ ಉಳಿದ ಹಿಟ್ಟು ಫ್ರಿಜ್ಜಿನಲ್ಲಿಯೇ ಇರಲಿ. ಮೇಲೆ ಹಾಲು ಸವರಿ, ಕುಟ್ಟಿದ ಕಲ್ಲುಪ್ಪಿನ ನಾಲ್ಕಾರು ಹರಳುಗಳನ್ನು ಬೇಯಿಸುವ ಮೊದಲೇ ಉದುರಿಸಿ. ಬೆಂದ ಮೇಲೆ ಉದುರಿಸಿದರೆ ಅದು ಅಂಟುವುದಿಲ್ಲ. ಮೊದಲು ನಾಲಿಗೆಗೆ ಈ ಹರಳು ತಗಲಿ ನಂತರ ಸಿಹಿ ತಿಳಿಯುತ್ತದೆ, ನೀವು ಕೇಳಿದ ರುಚಿ ಬಹುಶಃ ಇದೇ ಇರಬೇಕು.

ಓಟಿಜಿಯನ್ನು ಮುಂಚೆ ಚೆನ್ನಾಗಿ ಕಾಯಿಸಿ, 160 ಡಿಗ್ರಿಯಲ್ಲಿ 18ರಿಂದ 22 ನಿಮಿಷ ಇಡಿ. ಸಣ್ಣ ಓಟಿಜಿಗಳಲ್ಲಿ ಹಿಂಬದಿ ಹೆಚ್ಚು ಕಾಯುವುದುಂಟು, ಅರ್ಧ ಹೊತ್ತಿಗೆ ತಟ್ಟೆಯನ್ನು ತಿರುಗಿಸಿ. ಮೊದಲು ಎರಡೇ ಎರಡು ಬಿಸ್ಕತ್ತುಗಳನ್ನು ಬೇಯಿಸಿ ನೋಡುವುದು ಬಹಳ ಒಳ್ಳೆಯ ಪದ್ಧತಿ: ಹರಡಿದರೆ ಉಳಿದದ್ದಕ್ಕೆ ಒಂದೆರಡು ಚಮಚ ಮೈದಾ ಸೇರಿಸಬಹುದು, ಬಿರುಕು ಬಿಟ್ಟರೆ ಒಂದು ಚಮಚ ಹಾಲು. ಬಿಸಿಯಾಗಿರುವಾಗ ಮೆತ್ತಗಿದೆಯೆಂದು ಮತ್ತೆ ಒಳಗೆ ತಳ್ಳಬೇಡಿ, ಆರಿದ ಮೇಲೆ ಗರಿಯಾಗುತ್ತದೆ. ಚಾಕುವಿನ ತುದಿಯಿಂದ ಒಂದನ್ನು ಎತ್ತಿ ನೋಡಿ. ತಳ ತಿಳಿ ಹೊಂಬಣ್ಣವಾಗಿದ್ದರೆ ಬೆಂದಿದೆ ಎಂದೇ ಅರ್ಥ.

ಚಿತ್ರದುರ್ಗದಿಂದ ಉತ್ತರ

ಬೆಣ್ಣೆಯ ಬಗ್ಗೆ ನಿಟ್ಟುವಳ್ಳಿಯವರು ಬರೆದುದಕ್ಕೆ ನಾನು ಸೇರಿಸಬೇಕಾದುದು ಏನೂ ಇಲ್ಲ. ಬೆಲ್ಲದ ಬಗ್ಗೆ ಹೇಳುತ್ತೇನೆ, ನಮ್ಮ ಮನೆಯಲ್ಲಿ ಹಬ್ಬಕ್ಕೆ ಬೆಲ್ಲದ್ದೇ ಆಗಬೇಕು.

ಬೆಲ್ಲ ಹಾಕಬಹುದು, ಆದರೆ ಸಕ್ಕರೆಯ ಹಾಗೆ ಅದು ನಡೆದುಕೊಳ್ಳುವುದಿಲ್ಲ. ಬೆಲ್ಲದಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಅಂಶವೂ ಇರುವುದರಿಂದ ಬೇಗ ಕೆಂಪಾಗುತ್ತದೆ, ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. 160 ಡಿಗ್ರಿಯಲ್ಲಿ ಇಟ್ಟರೆ ಹೊರಗೆ ಕಂದಿ ಒಳಗೆ ಹಸಿ ಉಳಿಯುವ ಸಂಭವ ಹೆಚ್ಚು; 140ರಿಂದ 145 ಡಿಗ್ರಿಗೆ ಇಳಿಸಿ, ಏಳೆಂಟು ನಿಮಿಷ ಹೆಚ್ಚು ಹೊತ್ತು ಬೇಯಿಸಿ. ಅಂಟುಂಟಾದ ಹೊಸ ಬೆಲ್ಲ ಬೇಡ, ಒಣಗಿದ ಉಂಡೆಯನ್ನು ತುರಿದು ಜರಡಿ ಹಿಡಿಯಿರಿ. ಬೆಲ್ಲದಲ್ಲಿಯೂ ಸ್ವಲ್ಪ ಉಪ್ಪಿನ ರುಚಿ ಇರುತ್ತದೆಯಾದ್ದರಿಂದ ಉಪ್ಪನ್ನು 3 ಗ್ರಾಂಗೆ ಇಳಿಸಿದರೆ ಸರಿಹೋಗುತ್ತದೆ. ಹಾಲಿನ ಪ್ರಮಾಣವನ್ನೂ ಅರ್ಧ ಮಾಡಿ.

ನಮ್ಮ ಜಿಲ್ಲೆಯವರು ಶೇಂಗಾ ಬಿಟ್ಟು ಹಬ್ಬ ಮಾಡುವುದಿಲ್ಲ. ಹುರಿದು ಸಿಪ್ಪೆ ತೆಗೆದ ಚಳ್ಳಕೆರೆಯ ಕಡೆಯ ಶೇಂಗಾವನ್ನು ತರಿತರಿಯಾಗಿ ಕುಟ್ಟಿ 50 ಗ್ರಾಂನಷ್ಟು ಬೆರೆಸಿದರೆ ಬೆಲ್ಲ ಮತ್ತು ಉಪ್ಪು ಎರಡಕ್ಕೂ ಅದು ಒಗ್ಗುತ್ತದೆ. ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿದರೆ ಎಣ್ಣೆ ಬಿಟ್ಟು ಹಿಟ್ಟು ಸಡಿಲವಾಗುತ್ತದೆ, ಒರಳಿನಲ್ಲಿ ಕುಟ್ಟುವುದೇ ಲೇಸು. 250 ಗ್ರಾಂ ಮೈದಾದಲ್ಲಿ 50 ಗ್ರಾಂ ತೆಗೆದು ಅಷ್ಟೇ ಹುರಿಗಡಲೆ ಹಿಟ್ಟು ಹಾಕುವುದೂ ನಮ್ಮಲ್ಲಿ ರೂಢಿ. ಕಡಲೆಯಲ್ಲಿ ಗೋಧಿಯ ಜಿಗುಟು ಇಲ್ಲದ ಕಾರಣ ಬಿಸ್ಕತ್ತು ಬಾಯಿಗಿಟ್ಟ ಕೂಡಲೇ ಪುಡಿಯಾಗುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಕತ್ತರಿಸುವಾಗಲೇ ಒಡೆಯುತ್ತದೆ.

ಕರೆಂಟು ಹೋಗಿ ಓಟಿಜಿ ಕೈಕೊಟ್ಟರೆ ಗಾಬರಿಯಾಗಬೇಡಿ. ದಪ್ಪ ತಳದ ಬಾಣಲೆಯಲ್ಲಿ ಒಂದು ಅಂಗುಲ ಕಲ್ಲುಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿದರೆ ಅದೇ ಓವನ್ ಆಗುತ್ತದೆ. ಉರಿ ಸಣ್ಣಗಿರಲಿ. ಮೇಲಿನಿಂದ ಶಾಖ ಸಾಲದ ಕಾರಣ ಬಣ್ಣ ಕಡಿಮೆ ಬರುತ್ತದೆ, ರುಚಿಗೆ ಕೊರತೆಯಿಲ್ಲ.

ದಾವಣಗೆರೆ, ಮಂಡಿಪೇಟೆಯಿಂದ ಉತ್ತರ

ಎರಡು ಮೂರು ಕಿಲೋ ಮಾಡುವುದಿದ್ದರೆ ಸಣ್ಣ ಓಟಿಜಿಯ ಮುಂದೆ ಇಡೀ ದಿನ ನಿಲ್ಲುವ ಬದಲು ಪರಿಚಯದ ಬೇಕರಿಯವರಿಗೆ ಸಾಮಾನು ಕೊಟ್ಟು ಮಾಡಿಸುವ ಹಳೆಯ ರೂಢಿಯನ್ನು ಮರೆಯಬೇಡಿ. ಮೈದಾ, ಸಕ್ಕರೆ, ಬೆಣ್ಣೆ ನಮ್ಮದು. ಕಲಸುವುದು, ಬೇಯಿಸುವುದು ಅವರದು. ಬಿಸ್ಕತ್ತು ಅರಳಲೆಂದು ಅವರು ಸಾಮಾನ್ಯವಾಗಿ ಅಮೋನಿಯ (ಅಮೋನಿಯಂ ಬೈಕಾರ್ಬನೇಟ್ ಪುಡಿ) ಹಾಕುತ್ತಾರೆ, ತೆಳುವಾದ ಬಿಸ್ಕತ್ತಿನಲ್ಲಿ ಅದರ ವಾಸನೆ ಬೇಯುವಾಗಲೇ ಹಾರಿಹೋಗುತ್ತದೆ. ಬೇಡವಾದರೆ ಮೊದಲೇ ಹೇಳಬೇಕು. ಬೆಣ್ಣೆಯ ಜೊತೆ ಡಾಲ್ಡಾ ಸೇರಿಸಬೇಡಿರೆಂದೂ ಹೇಳಿ, ಉಪ್ಪನ್ನು ಮನೆಯಿಂದಲೇ ತೂಗಿ ಪೊಟ್ಟಣ ಕಟ್ಟಿ ಕೊಡಿ.

ಆದರೆ ಹಬ್ಬದ ಹತ್ತಿರಕ್ಕೆ ಹೋದರೆ ಸರದಿ ಸಿಗುವುದು ಕಷ್ಟ. 2024ರಲ್ಲಿ ಏಪ್ರಿಲ್ 9ಕ್ಕೆ ಯುಗಾದಿ, 11ಕ್ಕೆ ರಂಜಾನ್. 2025ರಲ್ಲಿ ಮಾರ್ಚ್ 30 ಮತ್ತು 31. ಹೀಗೆ ಎರಡು ಹಬ್ಬಗಳು ಬೆನ್ನುಬೆನ್ನಿಗೆ ಬಂದಾಗ ನಾನ್‌ಖಟಾಯಿ ಮಾಡಿಸುವವರೂ ಅದೇ ಭಟ್ಟಿಯ ಮುಂದೆ ನಿಂತಿರುತ್ತಾರೆ. ಒಂದು ವಾರ ಮೊದಲೇ ಮಾತಾಡಿಕೊಳ್ಳಿ.

ನಿಟ್ಟುವಳ್ಳಿಯವರು ಮತ್ತೆ

ಒಂದು ವಾರ ಮೊದಲೇ ಮಾಡಿಟ್ಟರೆ ಉಳಿಯುತ್ತದೆಯೇ ಎಂಬ ಅನುಮಾನ ನಿಮಗೆ ಬರಬಹುದು. ಸಕ್ಕರೆಯ ಬಿಸ್ಕತ್ತು ಎರಡು ವಾರ ಗರಿಯಾಗಿರುತ್ತದೆ, ನಮ್ಮ ಬೇಸಿಗೆಯ ಒಣ ಗಾಳಿ ಇದೊಂದಕ್ಕೆ ಅನುಕೂಲ. ಬೆಲ್ಲದ್ದನ್ನು ಮಾತ್ರ ನಾಲ್ಕೈದು ದಿನ ಮೊದಲು ಮಾಡಿ. ಪೂರ್ತಿ ಆರಿದ ನಂತರವೇ ಸ್ಟೀಲ್ ಡಬ್ಬಿಗೆ ತುಂಬಿ. ಬೆಚ್ಚಗಿದ್ದಾಗ ಮುಚ್ಚಿದರೆ ಒಳಗೆ ಬೆವರಿ ಮೇಲಿನ ಕಲ್ಲುಪ್ಪಿನ ಹರಳು ಕರಗಿಹೋಗುತ್ತದೆ. ಮೆತ್ತಗಾದದ್ದು ಕಂಡರೆ 120 ಡಿಗ್ರಿಯಲ್ಲಿ ಐದಾರು ನಿಮಿಷ ಬೆಚ್ಚಗೆ ಮಾಡಿ ಆರಿಸಿದರೆ ಮತ್ತೆ ಗರಿಯಾಗುತ್ತದೆ.