ಸಹಾಯ ಬೇಕು: ಹತ್ತನೇ ಕ್ಲಾಸಿನ ಮಗಳ ಜೊತೆ ಮ್ಯೂನಿಕ್‌ಗೆ ಹೋಗೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ, ಆಗಸ್ಟ್‌ನಲ್ಲಿ ಹೊರಡಬೇಕು. ಮಗ ಆರನೇ ಕ್ಲಾಸು, ಹೇಗೋ ಹೊಂದಿಕೊಳ್ಳುತ್ತಾನೆ. ಚಿಂತೆ ಮಗಳದ್ದು. ಏಪ್ರಿಲ್‌ನಲ್ಲಿ ಸಿಬಿಎಸ್‌ಇ ಹತ್ತನೇ ಕ್ಲಾಸು ಶುರುವಾಗಿದೆ, ಅಲ್ಲಿ ಹೊಸ ವರ್ಷ ಶುರುವಾಗೋದು ಸೆಪ್ಟೆಂಬರ್ ಮಧ್ಯದಲ್ಲಿ, ಸರ್ಕಾರಿ ಶಾಲೆಯಲ್ಲಿ ಪಾಠ ಜರ್ಮನ್‌ನಲ್ಲಿ, ಇವಳಿಗೆ ಬರೋದು ‘ಗುಟೆನ್ ಮೊರ್ಗೆನ್’ ಅಷ್ಟೇ. ಇಂಟರ್‌ನ್ಯಾಷನಲ್ ಸ್ಕೂಲ್ ಫೀಸು ನೋಡಿ ಸುಮ್ನೆ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಜಯನಗರದ ಅಜ್ಜಿ ಮನೆಯಲ್ಲಿದ್ದು ಬೋರ್ಡ್ ಪರೀಕ್ಷೆ ಮುಗಿಸಿಯೇ ಬರ್ತೀನಿ ಅಂತ ಹಟ ಹಿಡಿದಿದ್ದಾಳೆ. ಅವಳ ಸೂಟ್‌ಕೇಸ್ ಖಾಲಿ, ಅದರ ಮೇಲೆ ಈಗ ಇಸ್ತ್ರಿ ಬಟ್ಟೆ ಪೇರಿಸಿದ್ದೇವೆ. ನನಗೂ ಅವಳು ಹೇಳೋದೇ ಸರಿ ಅನಿಸುತ್ತಿದೆ, ಯಜಮಾನರು ಒಪ್ಪುತ್ತಿಲ್ಲ.

ಈ ವಯಸ್ಸಿನ ಮಕ್ಕಳನ್ನು ಕರೆದುಕೊಂಡು ಹೋದವರು ಇದ್ದೀರಾ? ಮೊದಲ ವರ್ಷ ಭಾಷೆಗೆ ಏನು ಮಾಡಿದಿರಿ? ಒಂದು ಕ್ಲಾಸು ಹಿಂದೆ ಹಾಕಿದರಾ?